ಗ್ಯಾಸಿಗೆ ವಾಸನೆ ಬಂದ ಕಥೆ

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆ ನಮ್ಮ ಮನೆಗೂ ಬಂದು ಹೋಗಿತ್ತು. ಜ್ವರ, ಕೆಮ್ಮು ಹತ್ತು ದಿನದಲ್ಲಿ ಬಿಟ್ಟವು, ಮೂಗು ಮಾತ್ರ ಕೈಕೊಟ್ಟಿತ್ತು. ಕಾಫಿ ಕುಡಿದರೆ ಬಿಸಿನೀರು ಕುಡಿದಂತೆ. ಒಗ್ಗರಣೆ ಸೀದರೂ ಹೊಗೆ ಕಣ್ಣಿಗೆ ಕಂಡಾಗಲೇ ಗೊತ್ತಾಗುತ್ತಿತ್ತು. ಒಂದು ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಅಡುಗೆಮನೆಯಲ್ಲೇ ನಿಂತು ಆಫೀಸಿನ ಕಾಲ್‌ನಲ್ಲಿ ಮಾತಾಡುತ್ತಿದ್ದೆ. ಹಾಲು ಉಕ್ಕಿ ಬರ್ನರ್ ಆರಿಹೋಗಿದ್ದು ನನಗೆ ತಿಳಿಯಲೇ ಇಲ್ಲ. ಗದಗಿನಿಂದ ಬಂದಿದ್ದ ನಮ್ಮ ಅತ್ತೆ ಪಡಸಾಲೆಯಿಂದ ಓಡಿಬಂದು ನಾಬ್ ತಿರುಗಿಸಿ, ಕಿಟಕಿ ತೆಗೆದು, "ಏನವಾ, ಇಷ್ಟ್ ಗ್ಯಾಸ್ ವಾಸ್ನಿ ಬರಾಕತ್ತೈತಿ, ಇಲ್ಲೇ ನಿಂತೀಯಲ್ಲ!" ಎಂದರು. ನನಗೆ ಕೈಕಾಲು ನಡುಗಿಬಿಟ್ಟವು.

ಅವತ್ತು ರಾತ್ರಿ ನಿದ್ದೆ ಬರದೆ ಇದನ್ನೇ ಯೋಚಿಸುತ್ತಿದ್ದೆ. ಭೂಮಿಯಿಂದ ಬರುವ ಮೀಥೇನ್‌ಗೆ ವಾಸನೆ ಇಲ್ಲ. ನಮ್ಮ ಸಿಲಿಂಡರ್‌ನ ಪ್ರೊಪೇನ್, ಬ್ಯುಟೇನ್‌ಗಳನ್ನೂ ಮೂಗು ಸುಲಭಕ್ಕೆ ಹಿಡಿಯದು. ನಾವು "ಗ್ಯಾಸ್ ವಾಸನೆ" ಎನ್ನುವುದು ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ ವಾಸನೆ. ಬೇಕೆಂದೇ ಬೆರೆಸಿದ್ದು. ನೂರು ಕೋಟಿ ಭಾಗ ಗಾಳಿಯಲ್ಲಿ ಒಂದೆರಡು ಭಾಗ ಇದ್ದರೂ ಮನುಷ್ಯರ ಮೂಗು ಅದನ್ನು ಪತ್ತೆ ಹಚ್ಚುತ್ತದೆ. ಎಂ.ಟೆಕ್‌ನಲ್ಲಿ ಸೆನ್ಸರ್‌ಗಳ ಬಗ್ಗೆ ಒಂದು ಇಡೀ ಪೇಪರ್ ಓದಿದವಳು ನಾನು. ಆದರೆ ಈ ವಾಸನೆಯನ್ನು ಯಾರು, ಯಾವಾಗ, ಏಕೆ ಬೆರೆಸಲು ಶುರು ಮಾಡಿದರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹುಡುಕುತ್ತಾ ಹೋದೆ. ಅದು ತೈಲ ಬಾವಿಗಳ ನಡುವಿನ ಒಂದು ಶಾಲೆಗೆ ಕರೆದುಕೊಂಡು ಹೋಯಿತು.

ಅಮೆರಿಕದ ಟೆಕ್ಸಾಸ್ ರಾಜ್ಯದ ಪೂರ್ವಭಾಗದಲ್ಲಿ ನ್ಯೂ ಲಂಡನ್ ಎಂಬ ಪುಟ್ಟ ಊರಿದೆ. 1930ರಲ್ಲಿ ಅಲ್ಲಿ ತೈಲ ಸಿಕ್ಕಿತು. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ಊಟಕ್ಕೆ ಪರದಾಡುತ್ತಿದ್ದಾಗ ಈ ಭಾಗದಲ್ಲಿ ಮಾತ್ರ ಹಣ ಹರಿಯಿತು. ಸುಮಾರು ಹತ್ತು ಲಕ್ಷ ಡಾಲರ್ ಖರ್ಚಿನಲ್ಲಿ ದೊಡ್ಡ ಶಾಲೆ ಎದ್ದಿತು. ಅಮೆರಿಕದ ಅತಿ ಶ್ರೀಮಂತ ಹಳ್ಳಿ ಶಾಲೆಗಳಲ್ಲಿ ಅದೂ ಒಂದು ಎನ್ನುತ್ತಿದ್ದರು. ಶಾಲೆಯ ಆವರಣದಲ್ಲೇ ತೈಲ ಬಾವಿಗಳಿದ್ದವು. ಮಕ್ಕಳ ಅಪ್ಪಂದಿರು ಹೆಚ್ಚಿನವರು ಬಾವಿಗಳಲ್ಲೇ ಕೆಲಸಕ್ಕಿದ್ದರು.

ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡಲು ಗ್ಯಾಸ್ ಹೀಟರ್‌ಗಳನ್ನು ಹಾಕಿದ್ದರು. 1937ರ ಆರಂಭದಲ್ಲಿ ಶಾಲೆಯ ಆಡಳಿತ ಮಂಡಳಿ ತಿಂಗಳ ಗ್ಯಾಸ್ ಬಿಲ್ ಉಳಿಸಲು ಒಂದು ದಾರಿ ಹಿಡಿಯಿತು. ಬಾವಿಯಿಂದ ಬರುವ ಅನಿಲದಿಂದ ಗ್ಯಾಸೋಲಿನ್ ಬೇರ್ಪಡಿಸಿದ ಮೇಲೆ ಉಳಿಯುವ ಗ್ಯಾಸನ್ನು ಕಂಪನಿಗಳು ವ್ಯರ್ಥವೆಂದು ಸುಟ್ಟುಬಿಡುತ್ತಿದ್ದವು. ಆ ಪೈಪಿಗೆ ಕೊಳವೆ ಜೋಡಿಸಿ ಶಾಲೆಗೆ ತಂದರು. ಸುತ್ತಮುತ್ತಲ ಮನೆಗಳವರೂ ಹಾಗೇ ಮಾಡುತ್ತಿದ್ದರು, ಕಂಪನಿಗಳು ಕಂಡೂ ಕಾಣದಂತೆ ಇದ್ದವು. ಆ ಗ್ಯಾಸಿಗೆ ಬಣ್ಣವಿರಲಿಲ್ಲ, ವಾಸನೆ ಇರಲಿಲ್ಲ, ಬರುವ ಒತ್ತಡಕ್ಕೆ ಒಂದು ಅಳತೆಯೂ ಇರಲಿಲ್ಲ. ಎಲ್ಲೋ ಜೋಡಣೆ ಸೋರಿ, ಕಟ್ಟಡದ ನೆಲದಡಿಯ ಖಾಲಿ ಜಾಗದಲ್ಲಿ ತುಂಬಿಕೊಳ್ಳತೊಡಗಿತು.

ಮಕ್ಕಳು ಕೆಲವು ದಿನಗಳಿಂದ ತಲೆನೋವು ಎನ್ನುತ್ತಿದ್ದರಂತೆ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಶಾಲೆಗೆ ಹೋಗುವ ಮಕ್ಕಳು ತಲೆನೋವು ಅಂದರೆ ನಾವು ಏನೆನ್ನುತ್ತೇವೆ? ಹೋಮ್‌ವರ್ಕ್ ಆಗಿಲ್ಲವೇನೋ ಎನ್ನುತ್ತೇವೆ.

1937ರ ಮಾರ್ಚ್ 18, ಗುರುವಾರ, ಮಧ್ಯಾಹ್ನ 3 ಗಂಟೆ ದಾಟಿತ್ತು. ಶಾಲೆ ಬಿಡಲು ಕೆಲವೇ ನಿಮಿಷ ಬಾಕಿ. ಪಕ್ಕದ ಜಿಮ್ ಕಟ್ಟಡದಲ್ಲಿ ಪೋಷಕರ ಸಭೆ, ಬಂದವರಲ್ಲಿ ತಾಯಂದಿರೇ ಹೆಚ್ಚು. ಕರಕುಶಲ ತರಗತಿಯಲ್ಲಿ ಮೇಷ್ಟ್ರು ಮರ ಉಜ್ಜುವ ವಿದ್ಯುತ್ ಯಂತ್ರದ ಸ್ವಿಚ್ ಒತ್ತಿದರು. ಒಂದು ಕಿಡಿ ಸಾಕಾಯಿತು. ಕಟ್ಟಡ ಮೇಲೆದ್ದು ಕುಸಿದು ಬಿತ್ತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಸಭೆಯಲ್ಲಿದ್ದ ತಾಯಂದಿರು ಹೊರಗೆ ಓಡಿಬಂದಾಗ ಎದುರಿಗೆ ಶಾಲೆಯೇ ಇರಲಿಲ್ಲ. ಬಾವಿಗಳಲ್ಲಿ ದುಡಿಯುತ್ತಿದ್ದ ಅಪ್ಪಂದಿರು ಕೊರೆಯುವ ಸ್ಥಳದ ಲಾರಿ, ಕ್ರೇನುಗಳನ್ನೇ ತಂದು ರಾತ್ರಿಯೆಲ್ಲ, ಮಳೆಯಲ್ಲೂ, ಅವಶೇಷ ಎತ್ತಿದರು. ಬೆಳಗಾಗುವಷ್ಟರಲ್ಲಿ ಜಾಗ ಖಾಲಿಯಾಗಿತ್ತು. ಅವಶೇಷಗಳಲ್ಲಿ ಸಿಕ್ಕ ಒಂದು ಕಪ್ಪುಹಲಗೆಯ ಮೇಲೆ, ತೈಲ ಮತ್ತು ಅನಿಲ ನಮ್ಮ ಸೀಮೆಗೆ ಸಿಕ್ಕ ದೊಡ್ಡ ವರ, ಅವಿಲ್ಲದಿದ್ದರೆ ಈ ಶಾಲೆಯೂ ಇಲ್ಲ ಎಂಬ ಅರ್ಥದ ಬರಹ ಹಾಗೇ ಉಳಿದಿತ್ತು.

ವಾಸನೆ ಬೆರೆಸುವ ವಿದ್ಯೆ ಅಷ್ಟರಲ್ಲಾಗಲೇ ಯುರೋಪಿನಲ್ಲಿ ಗೊತ್ತಿತ್ತು. ಬೇಕಿದ್ದದ್ದು ಕಾನೂನು. ದುರಂತದ ಕೆಲವೇ ವಾರಗಳಲ್ಲಿ ಟೆಕ್ಸಾಸ್ ಶಾಸನಸಭೆ ಬಳಕೆದಾರರಿಗೆ ಕೊಡುವ ಗ್ಯಾಸಿಗೆ ವಾಸನೆ ಸೇರಿಸಲೇಬೇಕು ಎಂದು ಕಾಯಿದೆ ತಂದಿತು. ಬೇರೆ ರಾಜ್ಯ, ಬೇರೆ ದೇಶಗಳಿಗೆ ಆ ಪದ್ಧತಿ ಹಬ್ಬಿತು. ಅದೇ ವರ್ಷ ಅಲ್ಲಿ ಇನ್ನೊಂದು ಕಾನೂನೂ ಬಂತು: ನೋಂದಣಿ ಇಲ್ಲದವರು ಎಂಜಿನಿಯರ್ ಎಂದು ವೃತ್ತಿ ಮಾಡುವಂತಿಲ್ಲ. ನಮ್ಮಲ್ಲಿ ಬಿ.ಇ. ಮುಗಿದ ದಿನವೇ ಎಲ್ಲರೂ ಎಂಜಿನಿಯರ್! ನನ್ನ ವಿಸಿಟಿಂಗ್ ಕಾರ್ಡ್‌ನಲ್ಲೂ ಆ ಪದವಿದೆ. ಅದರ ಹಿಂದೆ ಇಂಥದ್ದೊಂದು ಶಾಲೆ ಇರಬಹುದು ಎಂದು ನನಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ.

ವಾಸನೆ ಬೆರೆಸಿದ್ದರಿಂದ ಗ್ಯಾಸ್ ಉರಿಸುವ ನಮಗೆ ಕಾವಲು ಸಿಕ್ಕಿತು. ಗ್ಯಾಸ್ ಹುಟ್ಟುವ ಜಾಗದಲ್ಲಿ, ಬಾವಿಯ ಪಕ್ಕದಲ್ಲಿ ಬದುಕುವವರ ಪಾಡು ಬೇರೆ. ಬಾವಿಯಿಂದ ಬರುವುದು ಬರೀ ಮೀಥೇನ್ ಅಲ್ಲ. ಬೆಂಜೀನ್‌ನಂಥ ಕ್ಯಾನ್ಸರ್‌ಕಾರಕ ಆವಿಗಳಿರುತ್ತವೆ, ಕೆಲವು ಕಡೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಈ ಹೈಡ್ರೋಜನ್ ಸಲ್ಫೈಡ್ ದೊಡ್ಡ ಮೋಸಗಾರ. ಕಡಿಮೆ ಇದ್ದಾಗ ನಾರುತ್ತದೆ, ಪ್ರಮಾಣ ಹೆಚ್ಚಾದಾಗ ಮೊದಲು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತಲ್ಲ ಎಂದು ಸಮಾಧಾನಪಟ್ಟವರು ಅಲ್ಲೇ ಬೀಳುತ್ತಾರೆ. ಚೀನಾದ ಚಾಂಗ್‌ಚಿಂಗ್ ಬಳಿಯ ಕಾಯ್‌ಶಿಯಾನ್ ಎಂಬಲ್ಲಿ 2003ರ ಡಿಸೆಂಬರ್ 23ರ ರಾತ್ರಿ ಕೊರೆಯುತ್ತಿದ್ದ ಅನಿಲ ಬಾವಿ ಹತೋಟಿ ತಪ್ಪಿ ಈ ವಿಷ ಹೊರಬಂತು. ಸುತ್ತಲಿನ ಕಣಿವೆಯ ಹಳ್ಳಿಗಳು ಮಲಗಿದ್ದವು. ಬಾವಿಯ ಬಾಯಿಗೆ ಬೆಂಕಿ ಹಚ್ಚಿದ್ದರೆ ವಿಷ ಸುಟ್ಟುಹೋಗುತ್ತಿತ್ತು, ಆ ನಿರ್ಧಾರ ಮರುದಿನ ಮಧ್ಯಾಹ್ನದ ಮೇಲಾಯಿತು. 243 ಮಂದಿ ಸತ್ತರು, ಹೆಚ್ಚಿನವರು ಹಳ್ಳಿಗರೇ.

ಇವೆಲ್ಲ ನನಗೆ ಓದಿನ ವಿಷಯವಾಗಿದ್ದವು, 2023ರಲ್ಲಿ ಕೋನಸೀಮೆಗೆ ಹೋಗುವ ತನಕ.

ನನ್ನ ಟೀಮಿನ ಹುಡುಗಿಯೊಬ್ಬಳ ಮದುವೆಗೆಂದು ಹೈದರಾಬಾದಿನಿಂದ ನಾಲ್ಕು ಜನ ಅಮಲಾಪುರದ ಕಡೆ ಹೋಗಿದ್ದೆವು. ಗೋದಾವರಿಯ ಕವಲುಗಳ ನಡುವೆ ತೆಂಗು, ಬಾಳೆ, ಗದ್ದೆ. ನಮ್ಮ ಕರಾವಳಿ ನೋಡಿದವರಿಗೆ ಊರಿಗೇ ಬಂದಂತಾಗುತ್ತದೆ. ತೆಂಗಿನ ತೋಟಗಳ ಮಧ್ಯೆ ಒಮ್ಮೆಲೇ ಬೇಲಿ, ಅದರೊಳಗೆ ಕವಾಟಗಳ ಗೋಪುರ, ದೂರದಲ್ಲಿ ಹಗಲೂ ಉರಿಯುವ ಬೆಂಕಿ. ಕೃಷ್ಣಾ-ಗೋದಾವರಿ ಜಲಾನಯನದ ಗ್ಯಾಸ್ ಬಾವಿಗಳವು. ಮದುವೆಯ ಮರುದಿನ ಹುಡುಗಿಯ ಅಮ್ಮನ ಜೊತೆ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದೆ. "ಆ ಬೆಂಕಿ ನೋಡಿ ಹೆದರಿಕೆ ಆಗುವುದಿಲ್ಲವಾ ಆಂಟಿ?" ಎಂದೆ. ಅವರು ನಕ್ಕು, "ಇದೆಂಥ ಬೆಂಕಿಯಮ್ಮಾ, ನೀನು ಪಾಸರ್ಲಪೂಡಿ ನೋಡಬೇಕಿತ್ತು" ಎಂದು ಶುರು ಮಾಡಿದರು.

1995ರ ಜನವರಿ 8, ಸಂಕ್ರಾಂತಿಗೆ ಇನ್ನು ಒಂದು ವಾರ ಇರಲಿಲ್ಲ. ಆಗಿನ ಪೂರ್ವ ಗೋದಾವರಿ ಜಿಲ್ಲೆಯ ಪಾಸರ್ಲಪೂಡಿಯಲ್ಲಿ ಒಎನ್‌ಜಿಸಿ ಕೊರೆಯುತ್ತಿದ್ದ 19ನೇ ನಂಬರಿನ ಬಾವಿ ಸಿಡಿಯಿತು. ಭೂಮಿಯೊಳಗಿನ ಒತ್ತಡವನ್ನು ಕೊರೆಯುವ ಕೆಸರಿನ ಭಾರ ತಡೆಯಲಾರದಾದಾಗ ಗ್ಯಾಸ್ ನುಗ್ಗಿ ಮೇಲೆ ಬರುತ್ತದೆ, ಬ್ಲೋಔಟ್ ಎನ್ನುತ್ತಾರೆ. ಬೆಂಕಿ ಹತ್ತಿತು. ಸುತ್ತಲಿನ ಹಳ್ಳಿಗಳಿಂದ ಸುಮಾರು 1,500 ಜನರನ್ನು ಬೇರೆ ಕಡೆ ಸಾಗಿಸಿದರು. ಅಮೆರಿಕದಿಂದ ತಜ್ಞರು ಬಂದರು. ಬೆಂಕಿ ಆರಿದ್ದು ಮಾರ್ಚ್ 15ಕ್ಕೆ, ಒಟ್ಟು 65 ದಿನ.

ಇಷ್ಟನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. ಆಂಟಿ ಹೇಳಿದ್ದು ಬೇರೆ. ಅವರಾಗ ಮಗಳಿಗಿಂತ ಮೊದಲಿನ ಮಗುವಿನ ಬಸುರಿ. ರಾತ್ರಿಯೇ ಆಗಲಿಲ್ಲವಂತೆ. ಮೈಲಿಗಟ್ಟಲೆ ದೂರದಲ್ಲಿದ್ದ ಅವರ ಹಟ್ಟಿಯಲ್ಲೂ ದೀಪ ಬೇಡವಾಗಿತ್ತು. ಕೋಳಿಗಳು ಹೊತ್ತಿಲ್ಲದ ಹೊತ್ತಿನಲ್ಲಿ ಕೂಗುತ್ತಿದ್ದವು. ವಿಮಾನ ತಲೆಯ ಮೇಲೇ ನಿಂತಂತೆ ಒಂದೇ ಸಮನೆ ಸದ್ದು. ಗಂಟಲು ಉರಿ, ತಲೆನೋವು. ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದರು. "ಬೆಂಕಿ ಆರಿದ ದಿನ ಎಲ್ಲರೂ ಸಿಹಿ ಹಂಚಿದರು. ಮೂರು ತಿಂಗಳ ಮೇಲೆ ನನಗೆ ಹೆರಿಗೆಯಾಯಿತು. ಮಗು ಒಂದೂವರೆ ಕೆಜಿ ಇತ್ತು, ಉಳಿಯಲಿಲ್ಲ. ಬೆಂಕಿಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಯಾರೂ ಕೇಳಲೂ ಇಲ್ಲ, ಬರೆದುಕೊಳ್ಳಲೂ ಇಲ್ಲ." ಅವರು ಇದನ್ನು ಅಳದೆ, ತೆಂಗಿನಗರಿ ಸೀಳುತ್ತಲೇ ಹೇಳಿದರು.

ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಒಂದು ಹೆರಿಗೆಯಿಂದ ಏನನ್ನೂ ಸಿದ್ಧಪಡಿಸಲಾಗದು ಎನ್ನುವುದು ನನಗೂ ಗೊತ್ತು. ಹೆಚ್ಚು ಜನರ ಲೆಕ್ಕ ಬೇಕು, ಅಂದರೆ ಮೊದಲು ಯಾರಾದರೂ ಬರೆದುಕೊಂಡಿರಬೇಕು. ಬಾವಿಯ ಪಕ್ಕದವರು ತಾವೇ ಬರೆದುಕೊಂಡು ಕಾನೂನಿನವರೆಗೂ ಒಯ್ದ ಊರು ಯಾವುದಾದರೂ ಇದೆಯೇ ಎಂದು ನೋಡಿದರೆ, ಲಾಸ್ ಏಂಜಲೀಸ್ ಸಿಕ್ಕಿತು.

ಸಿನಿಮಾ ಊರು ಎಂದೇ ನಾವು ತಿಳಿದಿರುವ ಲಾಸ್ ಏಂಜಲೀಸ್ ಮೊದಲು ತೈಲದ ಊರು. 1892ರಲ್ಲಿ ಎಡ್ವರ್ಡ್ ಡೊಹೆನಿ ಎಂಬಾತ ನೀಲಗಿರಿ ಮರದ ದಿಮ್ಮಿ ಚೂಪು ಮಾಡಿ ನೆಲ ಅಗೆದು ತೈಲ ಕಂಡ ಮೇಲೆ ಹಿತ್ತಲುಗಳಲ್ಲೆಲ್ಲ ಬಾವಿ ಎದ್ದವು. ಆ ಕಾಲದ ದೊಡ್ಡ ವ್ಯಾಪಾರಿಗಳಲ್ಲಿ ಎಮ್ಮಾ ಸಮರ್ಸ್ ಎಂಬ ಪಿಯಾನೋ ಟೀಚರ್ ಒಬ್ಬರು! 700 ಡಾಲರ್ ಹಾಕಿ ಒಂದು ಬಾವಿಯಲ್ಲಿ ಪಾಲು ಪಡೆದು, ಮುಂದೆ ಕ್ಯಾಲಿಫೋರ್ನಿಯಾದ ತೈಲ ರಾಣಿ ಎನಿಸಿಕೊಂಡರು. ಮಹಿಳಾ ವೇದಿಕೆಯ ಸಂಚಿಕೆಯಲ್ಲಿ ಅವರನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ. ಊರು ಬೆಳೆಯಿತು, ಬಾವಿಗಳು ಹೋಗಲಿಲ್ಲ, ಗೋಡೆಗಳ ಹಿಂದೆ ಅಡಗಿದವು. ಸಿರಿವಂತರ ಬೆವರ್ಲಿ ಹಿಲ್ಸ್‌ನ ಹೈಸ್ಕೂಲು ಆವರಣದಲ್ಲಿದ್ದ ಬಾವಿಯ ಗೋಪುರಕ್ಕೆ ಹೂವಿನ ಚಿತ್ರಗಳ ಹೊದಿಕೆ ಹೊದಿಸಿದ್ದರು.

ನಗರದ ದಕ್ಷಿಣಕ್ಕೆ ಯೂನಿವರ್ಸಿಟಿ ಪಾರ್ಕ್ ಎಂಬ, ಹೆಚ್ಚಾಗಿ ಲ್ಯಾಟಿನ್ ಅಮೆರಿಕದ ಮೂಲದ ದುಡಿಯುವ ಜನರಿರುವ ಬಡಾವಣೆ. ಅಲ್ಲೊಂದು ತೈಲ ಬಾವಿಗಳ ಕೇಂದ್ರ. ಜಾಗ ಕ್ಯಾಥೊಲಿಕ್ ಧರ್ಮಪ್ರಾಂತ್ಯದ್ದು, ನಡೆಸುತ್ತಿದ್ದದ್ದು ಅಲೆನ್‌ಕೋ ಎಂಬ ಕಂಪನಿ. 2009ರಲ್ಲಿ ಅದು ಬಂದ ಮೇಲೆ ಉತ್ಪಾದನೆ ಹೆಚ್ಚಿತು. ರಸ್ತೆಯ ಆಚೆ ಬದಿಯಲ್ಲಿ ಮೋನಿಕ್ ಉರಿಯಾರ್ತೆ ಎಂಬ ತಾಯಿಯ ಮನೆ. 2010ರ ಸುಮಾರಿಗೆ ಅವರ 9 ವರ್ಷದ ಮಗಳು ನಯೇಲಿ ಕೋಬೊಗೆ ತಲೆನೋವು, ಹೊಟ್ಟೆನೋವು, ಮೂಗಿನಿಂದ ರಕ್ತ. ರಕ್ತ ಗಂಟಲಿಗೆ ಇಳಿಯದಿರಲೆಂದು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಬೇಕಾಗುತ್ತಿತ್ತು. ಆಮೇಲೆ ಅಸ್ತಮಾ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಕೆಲವು ದಿನ ಪೇರಲೆ ಹಣ್ಣಿನ ವಾಸನೆ, ಕೆಲವು ದಿನ ಚಾಕೊಲೇಟ್ ವಾಸನೆ! ದುರ್ವಾಸನೆ ಮುಚ್ಚಲು ಸುಗಂಧ ಬೆರೆಸುತ್ತಿದ್ದರೆಂದು ನಿವಾಸಿಗಳು ಆಮೇಲೆ ತಿಳಿದರು. ಅಪಾಯ ತಿಳಿಯಲೆಂದು ನ್ಯೂ ಲಂಡನ್ ನಂತರ ವಾಸನೆ ಬೆರೆಸಿದರು, ಇಲ್ಲಿ ತಿಳಿಯದಿರಲೆಂದು ಬೆರೆಸಿದರು.

ತಾಯಂದಿರು ಒಬ್ಬರನ್ನೊಬ್ಬರು ಕೇಳಿಕೊಂಡರು, ನಿಮ್ಮ ಮನೆಯಲ್ಲೂ ಹೀಗೇನಾ ಎಂದು. ಮನೆಮನೆ ಬಾಗಿಲು ತಟ್ಟಿದರು. ಪ್ರತಿ ವಾಸನೆಗೂ ವಾಯುಗುಣಮಟ್ಟದ ಇಲಾಖೆಗೆ ಫೋನ್ ಮಾಡಿ ದೂರು ದಾಖಲಿಸಿದರು. ಹೀಗೆ ನೂರಾರು ದೂರು. ನನ್ನಂಥ ಡೇಟಾ ಕೆಲಸದವಳಿಗೆ ಇದು ಬಹಳ ಹಿಡಿಸಿತು: ಬರೀ ಗೋಳಾಗಿದ್ದರೆ ಗಾಳಿಗೆ ಹೋಗುತ್ತಿತ್ತು, ತಾರೀಖು ಮತ್ತು ಗಂಟೆ ಸೇರಿದ ಮೇಲೆ ಅದು ದಾಖಲೆ. "ಪೀಪಲ್ ನಾಟ್ ಪೋಸೋಸ್" ಎಂಬ ಚಳವಳಿಯಾಯಿತು. ಪೋಸೋಸ್ ಎಂದರೆ ಸ್ಪ್ಯಾನಿಷ್‌ನಲ್ಲಿ ಬಾವಿಗಳು. 2013ರಲ್ಲಿ ಕೇಂದ್ರದ ಪರಿಸರ ಸಂಸ್ಥೆಯ ಅಧಿಕಾರಿಗಳು ತಪಾಸಣೆಗೆ ಬಂದರು. ಬಂದವರಿಗೇ ಸ್ವಲ್ಪ ಹೊತ್ತಿನಲ್ಲಿ ಗಂಟಲು ಕೆರೆತ, ಕೆಮ್ಮು, ತಲೆನೋವು. ಮೂರು ವರ್ಷ ಮಕ್ಕಳು ಹೇಳಿದ್ದನ್ನು ಅಧಿಕಾರಿಗಳ ಗಂಟಲು ಒಂದೇ ದಿನದಲ್ಲಿ ಒಪ್ಪಿಕೊಂಡಿತು ನೋಡಿ. ಆ ವರ್ಷದ ನವೆಂಬರ್‌ನಲ್ಲಿ ಕೆಲಸ ನಿಂತಿತು, 2020ರಲ್ಲಿ ಶಾಶ್ವತವಾಗಿ ಮುಚ್ಚುವ ಆದೇಶವಾಯಿತು. ಅದೇ 2020ರ ಆರಂಭದಲ್ಲಿ, 19ನೇ ವಯಸ್ಸಿಗೆ, ನಯೇಲಿಗೆ ಕ್ಯಾನ್ಸರ್ ಪತ್ತೆಯಾಯಿತು. ಗರ್ಭಕೋಶ ತೆಗೆಯಬೇಕಾಯಿತು. ಆಕೆ ಗುಣಮುಖಳಾಗಿ 2022ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದಳು. ಆ ಕ್ಯಾನ್ಸರ್‌ಗೆ ಆ ಬಾವಿಯೇ ಕಾರಣ ಎಂದು ಯಾರೂ ಸಾಬೀತು ಮಾಡಿಲ್ಲ. ಒಬ್ಬರ ವಿಷಯದಲ್ಲಿ ಹಾಗೆ ಸಾಬೀತು ಮಾಡುವುದು ಸಾಧ್ಯವೂ ಅಲ್ಲ.

ಆದರೆ ಸಾವಿರಾರು ಜನರ ಲೆಕ್ಕ ಹಿಡಿದರೆ ಹೇಳಬಹುದು. 2021ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ನೇಮಿಸಿದ ವಿಜ್ಞಾನಿಗಳ ಸಮಿತಿ ಬಂದಿದ್ದ ಅಧ್ಯಯನಗಳನ್ನೆಲ್ಲ ನೋಡಿ, ಬಾವಿಯಿಂದ ಒಂದು ಕಿಲೋಮೀಟರಿನೊಳಗೆ ವಾಸಿಸುವವರಲ್ಲಿ ಉಸಿರಾಟದ ತೊಂದರೆಗೂ, ಅವಧಿಗೆ ಮುನ್ನ ಹೆರಿಗೆ ಮತ್ತು ಕಡಿಮೆ ತೂಕದ ಶಿಶುಗಳಿಗೂ ಬಾವಿಗೂ ಸಂಬಂಧವಿದೆ ಎಂಬುದಕ್ಕೆ ಬಲವಾದ ಆಧಾರಗಳಿವೆ ಎಂದಿತು. ಕಡಿಮೆ ತೂಕದ ಶಿಶು ಎಂಬ ಸಾಲು ಓದುವಾಗ ಜಗಲಿಯ ಮೇಲಿನ ತೆಂಗಿನಗರಿಯ ಸದ್ದು ಕೇಳಿದಂತಾಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಕಾನೂನು ಬಂತು: ಮನೆ, ಶಾಲೆ, ಆಸ್ಪತ್ರೆಗಳಿಂದ 3,200 ಅಡಿಯೊಳಗೆ, ಅಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್, ಹೊಸ ಬಾವಿ ಕೊರೆಯುವಂತಿಲ್ಲ. ತೈಲ ಉದ್ಯಮ ಸಹಿ ಸಂಗ್ರಹಿಸಿ ಅದನ್ನು ಜನಮತಕ್ಕೆ ಎಳೆಯಿತು, ಕಾನೂನು ಜಾರಿಯಾಗದೆ ನಿಂತಿತು. 2024ರ ಜೂನ್‌ನಲ್ಲಿ ಉದ್ಯಮವೇ ಹಿಂದೆ ಸರಿದ ಮೇಲೆ ಜಾರಿಯಾಯಿತು. ಹಳೆಯ ಬಾವಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ, ಅವುಗಳಿಗೆ ನಿಗಾ ನಿಯಮಗಳಿವೆ ಅಷ್ಟೆ.

ನಮ್ಮ ದೇಶಕ್ಕೆ ಬಂದರೆ, ಬಾವಿಗಳ ಸುರಕ್ಷತೆಗೆ ತೈಲ ಗಣಿ ನಿಯಮಗಳಿವೆ. ಅವು ಗಣಿ ಕಾಯಿದೆಯ ಅಡಿಯಲ್ಲಿ ಬಂದವು. ಆದ್ದರಿಂದ ಅವುಗಳ ಗಮನವೆಲ್ಲ ಮುಖ್ಯವಾಗಿ ಬೆಂಕಿ, ಸ್ಫೋಟ ಮತ್ತು ಒಳಗೆ ದುಡಿಯುವವರ ಮೇಲೆ. ಬೇಲಿಯ ಹೊರಗಿನವರಿಗೆ ಮಾತಾಡಲು ಇದ್ದ ಒಂದು ಜಾಗ ಪರಿಸರ ಅನುಮತಿಗೆ ಮೊದಲಿನ ಸಾರ್ವಜನಿಕ ಅಹವಾಲು. 2020ರ ಜನವರಿಯಲ್ಲಿ ಪರಿಸರ ಸಚಿವಾಲಯ ತೈಲ-ಅನಿಲ ಹುಡುಕಾಟದ ಕೊರೆತವನ್ನು "ಬಿ2" ವರ್ಗಕ್ಕೆ ಇಳಿಸಿತು. ಆ ಹಂತದಲ್ಲಿ ಇನ್ನು ಅಹವಾಲು ಬೇಕಿಲ್ಲ. ಉತ್ಪಾದನೆಯ ಹಂತಕ್ಕೆ ಈಗಲೂ ಬೇಕು.

ಅದಾದ ನಾಲ್ಕೇ ತಿಂಗಳಿಗೆ, ಲಾಕ್‌ಡೌನ್ ನಡುವೆ, ಮೇ 27ರಂದು ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಬಾಘ್‌ಜಾನ್‌ನಲ್ಲಿ ಆಯಿಲ್ ಇಂಡಿಯಾದ 5ನೇ ಬಾವಿ ಸಿಡಿಯಿತು. ಅದು ಹುಡುಕಾಟದ ಬಾವಿಯಲ್ಲ, ಹಲವು ವರ್ಷಗಳಿಂದ ಗ್ಯಾಸ್ ಕೊಡುತ್ತಿದ್ದದ್ದು. ಹಾಗಾಗಿ ಎರಡಕ್ಕೂ ನೇರ ಗಂಟು ಹಾಕುವುದು ತಪ್ಪು. ದುರಸ್ತಿ ಮಾಡುವಾಗ ಹತೋಟಿ ತಪ್ಪಿತು. ಎರಡು ವಾರ ಗ್ಯಾಸ್ ಮತ್ತು ಎಣ್ಣೆಯ ಹನಿಗಳು ಚಹಾ ಗಿಡ, ಅಡಿಕೆ ಮರ, ಮಗುರಿ ಬೀಲ್ ಎಂಬ ಜೌಗು ಕೆರೆ, ಎಲ್ಲದರ ಮೇಲೂ ಮಳೆಯಂತೆ ಸುರಿದವು. ಜೂನ್ 9ಕ್ಕೆ ಬೆಂಕಿ ಹತ್ತಿತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ಮನೆಗಳು ಸುಟ್ಟವು. ಕೋವಿಡ್ ಕಾಲದಲ್ಲಿ ಸಾವಿರಾರು ಜನ ಶಾಲೆಗಳ ಶಿಬಿರಗಳಲ್ಲಿ ಒತ್ತೊತ್ತಾಗಿ ಮಲಗಿದರು. ಆರಿಸಿದ್ದು ನವೆಂಬರ್ 15ಕ್ಕೆ. ಆ ಐದೂವರೆ ತಿಂಗಳು ನಾವೆಲ್ಲ ಇಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾ ಬಗೆಬಗೆಯ ಅಡುಗೆ ಕಲಿಯುತ್ತಿದ್ದೆವು. ಸುದ್ದಿ ಒಂದೆರಡು ದಿನ ಕಂಡ ನೆನಪು ನನಗೆ.

ಕರ್ನಾಟಕದಲ್ಲಿ ತೈಲ ಬಾವಿಗಳಿಲ್ಲ. ನಮ್ಮೂರಿಗೆ ಬರುವುದು ಸಿಲಿಂಡರ್, ಈಗೀಗ ಪೈಪ್. ಅದಕ್ಕೇ ಇರಬೇಕು, ಬಾವಿಯ ಪಕ್ಕದಲ್ಲಿ ಊರುಗಳಿರುತ್ತವೆ ಎನ್ನುವುದು ನಮ್ಮ ತಲೆಗೆ ಬರುವುದಿಲ್ಲ.

ನನ್ನ ಮೂಗು ನಾಲ್ಕು ತಿಂಗಳಿಗೆ ಸರಿಹೋಯಿತು. ಅತ್ತೆ ಈಗಲೂ ಹೈದರಾಬಾದಿಗೆ ಬಂದರೆ ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಮುಟ್ಟಿ ನೋಡುತ್ತಾರೆ.

ಕೋನಸೀಮೆಯಿಂದ ಹೊರಡುವ ದಿನ ಆಂಟಿ ನನ್ನನ್ನು ಕೇಳಿದ್ದರು: "ನೀವು ಕಂಪ್ಯೂಟರಿನವರಲ್ಲವಾ, ಗಾಳಿ ಹೇಗಿದೆ ಅಂತ ಫೋನಿನಲ್ಲೇ ಕಾಣುತ್ತದಂತೆ. ನಮ್ಮೂರಿನದು ತೋರಿಸಮ್ಮಾ." ನಾನು ಆಪ್ ತೆಗೆದೆ. ಬಂದದ್ದು ರಾಜಮಂಡ್ರಿಯ ಅಂಕಿ. ಹಸಿರು ಬಣ್ಣದಲ್ಲಿತ್ತು. ಆಂಟಿ ಕನ್ನಡಕ ಏರಿಸಿ ನೋಡಿದರು. "ಇದು ಗೋದಾವರಿಯ ಆಚೆ ಅಲ್ಲವಾ? ಐವತ್ತು-ಅರವತ್ತು ಕಿಲೋಮೀಟರ್ ಆಗುತ್ತದೆ," ಎಂದು ಫೋನ್ ವಾಪಸ್ ಕೊಟ್ಟು, ಬುಟ್ಟಿಗೆ ನಾಲ್ಕು ತೆಂಗಿನಕಾಯಿ ಹಾಕಿಕೊಟ್ಟರು.